ಮಿಸ್ ಟ್ರೆಂಚ್ ಮುಖ ಒರೆಸಿಕೊಳ್ಳುತ್ತಿದ್ದ ಬಗೆ

ಬಾಲ್ಯದ ಮನೆ ಅಂದ ಕೂಡಲೇ ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನೈರೋಬಿಯ ಪಾರ್ಕ್‌ಲ್ಯಾಂಡ್ಸಿನಲ್ಲಿ ನಾನು ಬೆಳೆದ ಮನೆಯನ್ನು ನೆನೆದರೆ ಮೊದಲು ಹೇಸಿಗೆಯಾಗುತ್ತದೆ, ಉಳಿದದ್ದೆಲ್ಲ ಆಮೇಲೆ ನೆನಪಾಗುತ್ತದೆ. ಅದು ಕಲ್ಲು ಕಟ್ಟಡದ ಹಳೇ ಬಂಗಲೆ. ಮುಂದಿನ ಅರ್ಧದಲ್ಲಿ ಮನೆಯ ಒಡತಿ ಮಿಸ್ ಟ್ರೆಂಚ್ ಇದ್ದಳು. ಹಿಂದಿನ ಅರ್ಧದಲ್ಲಿ ಬಾಡಿಗೆಗೆ ನಾವು ಮೂವರು: ಅಪ್ಪ, ಅಮ್ಮ, ನಾನು. ಎರಡೂ ಮನೆಗೆ ಸೇರಿ ನಡುವೆ ಒಂದೇ ಸ್ಟೋರ್ ರೂಮು. ಅದಕ್ಕೆ ಎರಡು ಬಾಗಿಲು, ಒಂದು ನಮ್ಮ ಅಡುಗೆಮನೆಗೆ, ಇನ್ನೊಂದು ಅವಳ ಅಡುಗೆಮನೆಗೆ. ಒಂದು ಗೋಡೆಗೆ ನಮ್ಮ ಅಕ್ಕಿ, ಬೇಳೆ, ಉಪ್ಪಿನಕಾಯಿ ಜಾಡಿಗಳು. ಎದುರು ಗೋಡೆಗೆ ನೆಲದಿಂದ ಸೂರಿನವರೆಗೆ ಚಪ್ಪಟೆಯಾದ ದುಂಡನೆಯ ತಗಡಿನ ಡಬ್ಬಗಳು. ಮಿಸ್ ಟ್ರೆಂಚ್ ಹುಡುಗಿಯಾಗಿದ್ದಾಗ ಇಂಗ್ಲೆಂಡಿನಲ್ಲಿ ನಟಿಸಿದ ಮೂಕಿ ಚಿತ್ರಗಳ ರೀಲುಗಳು ಅವುಗಳೊಳಗೆ ಕೊಳೆಯುತ್ತಿದ್ದವು.

ಕೊಳೆಯುತ್ತಿದ್ದವು ಎಂಬುದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಆ ಕಾಲದ ಫಿಲ್ಮು ಹಳತಾದ ಹಾಗೆ ಮೊದಲು ಅಂಟಂಟಾಗುತ್ತದೆ, ಆಮೇಲೆ ಬೆಲ್ಲದ ಪಾಕದಂಥ ಕಂದು ದ್ರವ ಒಸರುತ್ತದೆ, ಕೊನೆಗೆ ಡಬ್ಬದೊಳಗೇ ಪುಡಿಯಾಗುತ್ತದೆ. ಬೆವರು ಹಿಡಿದ ಕಾಲುಚೀಲವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು ತೆಗೆದರೆ ಬರುವಂಥ ವಾಸನೆ. ಅದು ನಮ್ಮ ಅಕ್ಕಿಗೆ ಹತ್ತಿತು, ಬೇಳೆಗೆ ಹತ್ತಿತು, ಒಣಗಿಸಿಟ್ಟ ಮಜ್ಜಿಗೆ ಮೆಣಸಿನಕಾಯಿಗೆ ಹತ್ತಿತು. ಶಾಲೆಯಲ್ಲಿ ನಾನು ಡಬ್ಬಿ ತೆರೆದರೆ ಪಕ್ಕದ ಹುಡುಗಿ ಮೂಗು ಹಿಡಿದುಕೊಂಡು ಬೆಂಚಿನ ಆ ತುದಿಗೆ ಸರಿಯುತ್ತಿದ್ದಳು. ಮನೆಯಲ್ಲಿ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಒಂದೆರಡು ವರ್ಷದಲ್ಲಿ ಅಮ್ಮನ ಮೂಗು ಸತ್ತೇ ಹೋಗಿತ್ತು. ಹಾಲು ಒಡೆದದ್ದೂ ಅವಳಿಗೆ ನೋಡಿಯೇ ತಿಳಿಯಬೇಕಿತ್ತು. ಆ ಸ್ಟೋರಿನ ಮೂಲೆಯ ಗೂಡಿನಲ್ಲಿ ಅಮ್ಮ ದೇವರನ್ನು ಇಟ್ಟು ದಿನಾ ದೀಪ ಹಚ್ಚುತ್ತಿದ್ದಳು. ಆ ಫಿಲ್ಮಿಗೆ ಕಿಡಿ ತಗುಲಿದರೆ ಮುಗಿಯಿತು, ನೀರು ಸುರಿದರೂ ಆರುವುದಿಲ್ಲ ಎಂದು ಮಿಸ್ ಟ್ರೆಂಚ್ ಹೇಳಿದ ದಿನವೇ ಅಪ್ಪ ದೇವರನ್ನು ಎತ್ತಿ ತಂದು ಬಚ್ಚಲುಮನೆಯ ಪಕ್ಕದ ಕಿಟಕಿಕಟ್ಟೆಯ ಮೇಲೆ ಇಟ್ಟರು. ರೀಲುಗಳನ್ನು ಬೇರೆ ಕಡೆ ಇಡಿ ಎಂದು ಅವಳಿಗೆ ಹೇಳುವಷ್ಟು ಬಾಯಿ ಅವರಿಗಿರಲಿಲ್ಲ. ಅಮ್ಮ ಕೇಳಿದ್ದಕ್ಕೆ, ಅದು ಚರಿತ್ರೆ ಕಣೇ, ನಿನಗೆ ಅರ್ಥವಾಗಲ್ಲ ಅಂದರು.

ಅಪ್ಪ ಮೈಸೂರಿನವರು, ನೈರೋಬಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ, ಅದು ಬಾಯಿಗೆ ಬಿದ್ದ ಅಭ್ಯಾಸ. ಗೌರವ ಅಂತ ತಿಳಿಯಬೇಡಿ. ಅವರಿಗೆ ಒಂದು ಪುಸ್ತಕ ಬರೆಯಬೇಕಿತ್ತು. ಬ್ರಿಟಿಷ್ ಸಿನಿಮಾದ ಹುಟ್ಟುಕಾಲದ ಒಬ್ಬ ನಟಿಯ ಜೀವನಚರಿತ್ರೆ, ಅದೂ ಕನ್ನಡದಲ್ಲಿ. ಇಂಥದ್ದು ಇನ್ನೊಂದಿಲ್ಲ, ಬಂದರೆ ಊರಿನ ವಿದ್ವಾಂಸರೆಲ್ಲ ಬೆರಗಾಗುತ್ತಾರೆ ಎಂದು ದಿನಕ್ಕೊಂದು ಸಲ ಹೇಳುತ್ತಿದ್ದರು. ಶಾಲೆಯಿಂದ ಬಂದವರೇ ನೋಟುಪುಸ್ತಕ ಹಿಡಿದು ಮಿಸ್ ಟ್ರೆಂಚಳ ವರಾಂಡಕ್ಕೆ ಹೋಗಿ ಕೂರುತ್ತಿದ್ದರು. ಕೂರುತ್ತಿದ್ದದ್ದು ಮೆಟ್ಟಿಲಿನ ಮೇಲೆ. ಅಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಕೂತುಕೊ ಎಂದು ಅವಳೂ ಹೇಳಲಿಲ್ಲ, ಇವರೂ ಕೂರಲಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ತಟ್ಟೆ ಸರಿಸಿ ಏಳುತ್ತಿದ್ದ ಮನುಷ್ಯ, ಅವಳ ಮುಂದೆ ಹಲ್ಲುಗಿಂಜುತ್ತಾ ಅವಳ ನಾಯಿಯ ಕೂದಲು ಪ್ಯಾಂಟಿಗೆಲ್ಲ ಮೆತ್ತಿಕೊಂಡು ಎದ್ದುಬರುತ್ತಿದ್ದರು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಮಿಸ್ ಟ್ರೆಂಚಳಿಗೆ ಆಗಲೇ ಎಂಬತ್ತು ದಾಟಿತ್ತು. ಕಾಫಿ ತೋಟದ ಒಬ್ಬ ಇಂಗ್ಲಿಷಿನವನನ್ನು ಮದುವೆಯಾಗಿ ಈ ದೇಶಕ್ಕೆ ಬಂದವಳು, ಅವನು ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ನಟಿಯಾಗಿದ್ದಾಗಿನ ಹೆಸರಿನಲ್ಲೇ, ಮಿಸ್ ಅಂತಲೇ ಕರೆಯಬೇಕು. ಅವಳು ಹೇಳುತ್ತಿದ್ದ ಕತೆಗಳು ಸುಳ್ಳಿರಲಾರವು. ಗಾಜಿನ ಸೂರಿನ ಸ್ಟುಡಿಯೋ. ಲಂಡನ್ನಿನ ಮಂಜು ಒಳಗೆ ನುಗ್ಗಿದರೆ ಅವತ್ತಿನ ಚಿತ್ರೀಕರಣ ಬಂದ್, ಕೂಲಿಯೂ ಇಲ್ಲ. ಬಟ್ಟೆಬರೆ ನಟಿಯರೇ ಮನೆಯಿಂದ ತರಬೇಕು. ಒಳ್ಳೇ ಗೌನು ಇದ್ದವಳಿಗೆ ಒಳ್ಳೇ ಪಾತ್ರ. ಪೋಸ್ಟರಿನಲ್ಲಿ ನಟರ ಹೆಸರೇ ಹಾಕುತ್ತಿರಲಿಲ್ಲವಂತೆ, ನಾಟಕದವರು ಕಂಡರೆ ಮುಖ ತಿರುಗಿಸುತ್ತಿದ್ದರಂತೆ. ಆಗಿನ ಫಿಲ್ಮಿಗೆ ಕೆಂಪು ಅನ್ನುವುದು ಕಪ್ಪಾಗಿ ಕಾಣುತ್ತಿತ್ತು, ಹಾಗಾಗಿ ಮುಖಕ್ಕೆ ಹಳದಿ, ತುಟಿಗೆ ನೀಲಿ ಬಳಿದುಕೊಂಡು ನಿಲ್ಲಬೇಕು. ದೀಪಗಳ ಝಳಕ್ಕೆ ಕಣ್ಣು ಊದಿ, ಸಂಜೆ ಎಲ್ಲರೂ ಸಾಲಾಗಿ ಮಲಗಿ ಹಸಿ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಳ್ಳುತ್ತಿದ್ದರು. ಚಳಿಗಾಲದ ನದಿಗೆ ನಿಜವಾಗಿಯೇ ಧುಮುಕಿಸಿದ ಮೇಲೆ ಅವಳ ಜೊತೆಯ ಹುಡುಗಿಯೊಬ್ಬಳು ಎದೆಗೆ ಶೀತ ಇಳಿದು ಸತ್ತಳು. ಚಿತ್ರ ಮುಗಿದಿರಲಿಲ್ಲ, ಅವಳ ಗೌನನ್ನೇ ಇನ್ನೊಬ್ಬಳಿಗೆ ತೊಡಿಸಿ ಬೆನ್ನು ತೋರಿಸಿ ಮುಗಿಸಿದರು. ಊರಿಗೆಲ್ಲ ಮೆಚ್ಚಿಗೆಯಾಗಿದ್ದ ನಾಯಕನಟ ಕೊನೆಗಾಲದಲ್ಲಿ ರೈಲ್ವೆ ಸ್ಟೇಷನ್ನಿನ ಹೊರಗೆ ಬೂಟಿನ ದಾರ ಮಾರುತ್ತಿದ್ದ. ಅವನು ನಟಿಸಿದ ಚಿತ್ರಗಳನ್ನೆಲ್ಲ ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯಲು ಕರಗಿಸಿಬಿಟ್ಟಿದ್ದರು. ಇದನ್ನೆಲ್ಲ ಅವಳು ಹೇಳುತ್ತಿದ್ದದ್ದು ನಗುನಗುತ್ತಾ. ಸತ್ತವಳ ಗೌನಿನ ಕತೆಗೆ ಎಲ್ಲಕ್ಕಿಂತ ಹೆಚ್ಚು ನಗು. ಟಾಕಿ ಬಂದಮೇಲೆ, ಬಾಯಿ ತೆರೆದರೆ ಇವಳ ಮೀನುಮಾರ್ಕೆಟ್ಟಿನ ಇಂಗ್ಲಿಷ್ ಹೊರಬಿದ್ದು ಇವಳಿಗೂ ಬಾಗಿಲು ಮುಚ್ಚಿತ್ತು. ಆ ಒಂದು ಕತೆಗೆ ಮಾತ್ರ ನಗುತ್ತಿರಲಿಲ್ಲ. ಅಪ್ಪನೂ ಅದನ್ನು ಬರೆದುಕೊಳ್ಳಲಿಲ್ಲ.

ಪ್ರತಿ ಶನಿವಾರ ಸಂಜೆ ನನಗೆ ಅವಳ ಕೋಣೆಯಲ್ಲಿ ಕೆಲಸ. ನಾನಾಗ ಹತ್ತು ವರ್ಷದವಳು. ಇಂಗ್ಲಿಷ್ ಸುಧಾರಿಸುತ್ತದೆ ಎಂದು ಅಪ್ಪ ಕಳಿಸುತ್ತಿದ್ದರು. ಸುಧಾರಿಸಲು ಏನಿತ್ತೋ, ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೂ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅವಳು ಕನ್ನಡಿಯ ಮುಂದೆ ಕೂತು, ಹಳೇ ಕಾಲದ ಬಣ್ಣದ ಕಡ್ಡಿಗಳನ್ನು ಮುಖಕ್ಕೆ ತಿಕ್ಕಿಕೊಂಡು, ಯಾವುದೋ ಪಾತ್ರವಾಗಿ ಅರ್ಧ ಗಂಟೆ ತನ್ನನ್ನೇ ನೋಡಿಕೊಳ್ಳುವಳು. ಆಮೇಲೆ ನಾನು ಒಂದು ಬಿಳಿ ಕೊಬ್ಬನ್ನು ಬೆರಳಲ್ಲಿ ತೆಗೆದು ಅವಳ ಹಣೆ, ಕೆನ್ನೆ, ಸುಕ್ಕುಸುಕ್ಕಾದ ಕತ್ತಿಗೆಲ್ಲ ಹಚ್ಚಿ, ಬಣ್ಣ ಕದಡಿದಮೇಲೆ ಹಳೇ ಬನೀನಿನ ತುಂಡಿನಿಂದ ಒರೆಸಬೇಕು. ಸುಕ್ಕಿನ ಸಂದಿಯಲ್ಲಿ ಹೋದ ವಾರದ ಬಣ್ಣ ಇನ್ನೂ ಇರುತ್ತಿತ್ತು. ಮೊದಲ ಸಲವೇ ಅವಳು ಹೇಳಿದ್ದಳು, ಇದು ಹಂದಿಯ ಕೊಬ್ಬು, ಆ ಕಾಲದಲ್ಲಿ ಲಂಡನ್ನಿನ ಸುಂದರ ಮುಖಗಳೆಲ್ಲ ಹಂದಿಯಿಂದಲೇ ಶುದ್ಧವಾಗುತ್ತಿದ್ದವು ಎಂದು. ಅವಳ ಅಡುಗೆಯವನು ಮುದುಕ ಎಲೈಜಾ ತಿಂಗಳಿಗೊಂದು ಸಲ ಅದನ್ನು ಕಾಯಿಸಿ ಸೋಸಿ ಡಬ್ಬಕ್ಕೆ ತುಂಬಿ ಸ್ಟೋರಿನಲ್ಲಿಡುತ್ತಿದ್ದ. ಡಬ್ಬ ನಮ್ಮದೇ. ಅಮ್ಮ ಕರಿಯಲು ಡುಕಾದಿಂದ, ಅಂದರೆ ಅಲ್ಲಿನ ಅಂಗಡಿಯಿಂದ, ತರಿಸುತ್ತಿದ್ದ ವನಸ್ಪತಿಯ ದೊಡ್ಡ ಹಳದಿ ಡಬ್ಬ ಖಾಲಿಯಾದಾಗ ಅವನು ಕೇಳಿ ಒಯ್ದಿದ್ದ. ಮನೆಗೆ ಬಂದು ನಾನು ಅಪ್ಪನಿಗೆ ಹೇಳಿದೆ. ಅವರು ಮುಖ ಕಿವುಚಿ, ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊ ಅಂದರು. ಆಮೇಲೆ ಬಗ್ಗಿ, ದನಿ ಇಳಿಸಿ ಹೇಳಿದರು:

“ಅಮ್ಮಂಗೆ ಹೇಳ್ಬೇಡ ಪುಟ್ಟಿ. ಅವ್ಳು ರಂಪ ಮಾಡ್ತಾಳೆ, ನನ್ ಪುಸ್ತಕ ಅಲ್ಲಿಗೇ ನಿಂತ್ಹೋಗತ್ತೆ.”

ಹೇಳಲಿಲ್ಲ. ಅಪ್ಪನೊಂದಿಗೆ ಗುಟ್ಟು ಇದೆ ಎಂಬುದೇ ನನಗೆ ಒಂದು ಜಂಬವಾಗಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ದೀಪಾವಳಿಯ ಹಿಂದಿನ ಭಾನುವಾರ ನೈರೋಬಿಯ ಕನ್ನಡದ ಮನೆಗಳವರನ್ನೆಲ್ಲ ಅಪ್ಪ ಕರೆದರು. ಮಿಸ್ ಟ್ರೆಂಚಳ ಚಿತ್ರಗಳಲ್ಲಿ ಒಂದರ ಒಂದೇ ಒಂದು ರೀಲನ್ನು ಅವಳ ಗಂಡ ಹಿಂದೆಯೇ ಬೆಂಕಿಯ ಭಯವಿಲ್ಲದ ಸಣ್ಣ ಫಿಲ್ಮಿಗೆ ಪ್ರತಿ ಮಾಡಿಸಿಟ್ಟಿದ್ದ. ಅದರಲ್ಲಿ ಅವಳು ಹಿಂದೂಸ್ತಾನದ ರಾಣಿಯ ಪಾತ್ರ ಮಾಡಿದ್ದಾಳೆ, ನಮ್ಮ ದೇಶದ ಬಗ್ಗೆ ಅಷ್ಟು ಹಿಂದೆಯೇ ಇಂಗ್ಲಿಷರು ಚಿತ್ರ ಮಾಡಿದ್ದರು, ಎಂದು ಅಪ್ಪನಿಗೆ ಹಿಗ್ಗೋ ಹಿಗ್ಗು. ಶಾಲೆಯಿಂದ ಪ್ರೊಜೆಕ್ಟರ್ ತಂದರು. ಮೊದಲೇ ಒಮ್ಮೆ ಹಾಕಿ ನೋಡೋಣ ಎಂಬ ಬುದ್ಧಿ ಬರಲಿಲ್ಲ. ಪ್ರದರ್ಶನದ ಮೊದಲು ತಾನು ಅದೇ ವೇಷದಲ್ಲಿ ಬಂದು ನಮಸ್ಕಾರ ಮಾಡುತ್ತೇನೆ, ಒಂದು ಸೀರೆ ಬೇಕು ಎಂದು ಅವಳು ಕೇಳಿದಳು. ಅಪ್ಪ ಅಮ್ಮನನ್ನು ಕೇಳಲೂ ಇಲ್ಲ, ಟ್ರಂಕು ತೆಗೆದು ಅಮ್ಮನ ಧಾರೆ ಸೀರೆಯನ್ನೇ ಕೊಟ್ಟುಬಂದರು. ಅಮ್ಮ ಎರಡು ದಿನ ಅವರೊಡನೆ ಮಾತಾಡಲಿಲ್ಲ. ಮೂರನೇ ದಿನ ಮಾತಾಡಿದಳು, ಏಕೆಂದರೆ ನಲವತ್ತು ಜನಕ್ಕೆ ಚಕ್ಕುಲಿ ಆಗಬೇಕಿತ್ತು.

ಭಾನುವಾರ ಬೆಳಿಗ್ಗೆ ಅರ್ಧ ಹಿಟ್ಟು ಕರಿಯುವಷ್ಟರಲ್ಲಿ ವನಸ್ಪತಿ ಮುಗಿದಿತ್ತು. ಆ ವಾರ ಯಾವ ಡುಕಾದಲ್ಲೂ ಸಿಗುತ್ತಿರಲಿಲ್ಲ, ಇದ್ದದ್ದನ್ನು ಮೊದಲೇ ಕ್ಯೂ ನಿಂತವರು ಒಯ್ದಿದ್ದರು. ಭಾನುವಾರವಾದ್ದರಿಂದ ಎಲೈಜಾ ಚರ್ಚಿಗೆ ಹೋಗಿದ್ದ. ಅಮ್ಮ ಸ್ಟೋರಿಗೆ ಹೋದಳು, ಹಳದಿ ಡಬ್ಬ ಕಂಡಳು, ಮುಚ್ಚಳ ತೆಗೆದರೆ ಬೆಳ್ಳಗೆ ಮುಕ್ಕಾಲು ಡಬ್ಬ. ತನ್ನದೇ ಡಬ್ಬ, ತಾನು ಮರೆತು ಇಟ್ಟದ್ದು ಎಂದುಕೊಂಡಳು. ನಾನು ಅಡುಗೆಮನೆಗೆ ಬಂದಾಗ ಕೊನೆಯ ಒಬ್ಬೆ ಬಾಣಲೆಯಲ್ಲಿತ್ತು. ಒಲೆಯ ಪಕ್ಕ ಆ ಡಬ್ಬ. ಅದರ ಅಂಚಿನಲ್ಲಿ ನನ್ನ ಬೆರಳಿನಿಂದಲೇ ಮೆತ್ತಿದ್ದ ಹಳದಿ ಬಣ್ಣದ ಕಲೆ. ಅಮ್ಮ ಬೆವರು ಒರೆಸಿಕೊಂಡು, ಹೋದ ವರ್ಷಕ್ಕಿಂತ ಎಷ್ಟು ಗರಿಯಾಗಿ ಬಂದಿದೆ ನೋಡು ಎಂದು ಖುಷಿಯಿಂದ ಒಂದು ಚಕ್ಕುಲಿ ಮುರಿದು ನನ್ನ ಕೈಗಿಟ್ಟಳು. ಹಿಡಿದುಕೊಂಡು ಅಪ್ಪನ ಹತ್ತಿರ ಓಡಿದೆ. ಅವರು ನಡುಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಸ್ಟೂಲಿನಿಂದ ಇಳಿದರು, ನನ್ನ ಕೈಯ ಚಕ್ಕುಲಿ ತೆಗೆದುಕೊಂಡು ಕಿಟಕಿಯಾಚೆ ಎಸೆದರು. ಆಮೇಲೆ ಗಡಿಯಾರ ನೋಡಿದರು. ನಾನು ಕಾಯುತ್ತಿದ್ದೆ. ಈಗ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಾರೆ ಎಂದುಕೊಂಡಿದ್ದೆ.

“ಇನ್ನೊಂದ್ ಗಂಟೇಲಿ ಜನ ಬರ್ತಾರೆ. ತಿಂದವ್ರಿಗೇನೂ ಆಗಲ್ಲ. ನೀನು ತಿನ್ಬೇಡ, ಅಷ್ಟೆ.”

ಮತ್ತೆ ಸ್ಟೂಲು ಹತ್ತಿ ಕಂಬಳಿ ಕಟ್ಟತೊಡಗಿದರು.

ಜನ ಬಂದರು. ಡಾಕ್ಟರುಗಳು, ಲೆಕ್ಚರರುಗಳು, ಅವರ ಹೆಂಡತಿಯರು, ಕಸರಾನಿಯ ಕಡೆಯಿಂದ ಎರಡು ಮಟಾಟು ವ್ಯಾನು ಬದಲಿಸಿಕೊಂಡು ಬಂದ ಒಂದು ಸಂಸಾರ, ಪಕ್ಕದ ರಸ್ತೆಯ ಲೂಸಿ ಆಂಟಿ. ಲೂಸಿ ಆಂಟಿ ಮಂಗಳೂರಿನ ಕ್ಯಾಥೊಲಿಕರು, ಅಮ್ಮನಿಗೆ ಆ ಊರಿನಲ್ಲಿ ಇದ್ದ ಒಬ್ಬಳೇ ಗೆಳತಿ. ಮೊದಲು ಮಿಸ್ ಟ್ರೆಂಚ್ ಬಂದಳು. ಮುಖ, ಕತ್ತು, ತೋಳಿಗೆಲ್ಲ ಕಾಫಿಬಣ್ಣ ಬಳಿದುಕೊಂಡು, ಅಮ್ಮನ ಧಾರೆ ಸೀರೆಯನ್ನು ಟವಲ್ಲಿನ ಹಾಗೆ ಸುತ್ತಿಕೊಂಡು, ಹಣೆಗೆ ಕಾಸಿನಗಲ ಕುಂಕುಮವಿಟ್ಟುಕೊಂಡು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ನನ್ನ ಕೈಯಿಂದ ಅವಳಿಗೆ ಹಾರ ಹಾಕಿಸಿ ಕಾಲು ಮುಟ್ಟಿಸಿದರು. ಸೆರಗಿನ ಜರಿಗೆ ಬಣ್ಣ ಮೆತ್ತಿರುವುದು ಬಗ್ಗಿದಾಗ ನನಗೆ ಕಾಣಿಸಿತು. ಆಮೇಲೆ ಕತ್ತಲು ಮಾಡಿ ಚಿತ್ರ ಹಾಕಿದರು. ಹತ್ತೇ ನಿಮಿಷದ್ದು. ಬಣ್ಣ ಬಳಿದ ರಾಣಿ ಒಬ್ಬ ಬಿಳಿಯ ಸಿಪಾಯಿಯ ಬೂಟಿಗೆ ಮುತ್ತಿಡುತ್ತಾಳೆ. ಬಣ್ಣ ಬಳಿದ ಗಂಡಸರು ನೆಲದಲ್ಲಿ ತೆವಳುತ್ತಾ, ಒಂದೇ ಬಟ್ಟಲಿಗೆ ಕೈ ಹಾಕಿ ಬಾಚಿ ತಿನ್ನುತ್ತಾರೆ, ಸಿಪಾಯಿ ಅವರನ್ನು ಒದೆಯುತ್ತಾನೆ, ರಾಣಿ ಕೈತಟ್ಟಿ ನಗುತ್ತಾಳೆ. ಒದ್ದದ್ದಕ್ಕೆ ಮಿಸ್ ಟ್ರೆಂಚ್ ಕುರ್ಚಿಯಲ್ಲೇ ಕುಣಿದು ನಕ್ಕಳು. ದೀಪ ಹಾಕಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಅಪ್ಪನೇ ಮೊದಲು ಚಪ್ಪಾಳೆ ಶುರು ಮಾಡಿದರು. ಉಳಿದವರೂ ತಟ್ಟಿದರು. ಆ ಕಾಲದ ಛಾಯಾಗ್ರಹಣ ಎಷ್ಟು ಚೆನ್ನಾಗಿತ್ತು ಎಂದು ಒಬ್ಬ ಡಾಕ್ಟರು ಹೇಳಿದರು. ಇಷ್ಟು ವಿದ್ಯಾವಂತರು, ಇಷ್ಟು ಸಂಭಾವಿತರು, ಥೂ.

ಚಪ್ಪಾಳೆ ತಟ್ಟಿದ ಕೈಗಳಿಗೆ ಅಮ್ಮ ಚಕ್ಕುಲಿಯ ತಟ್ಟೆ ಕೊಟ್ಟಳು. ಎಲ್ಲರೂ ತಿಂದರು, ಎರಡು ಸಲ ಹಾಕಿಸಿಕೊಂಡರು. ಅಮ್ಮನೂ ನಿಂತಲ್ಲೇ ಎರಡು ತಿಂದಳು. ಅಪ್ಪನ ಹತ್ತಿರ ತಟ್ಟೆ ಬಂದಾಗ ಬೆಳಗಿನಿಂದ ಹೊಟ್ಟೆ ಸರಿಯಿಲ್ಲ ಅಂದರು. ನಾನು ಹಲ್ಲುನೋವು ಅಂದೆ. ಲೂಸಿ ಆಂಟಿ ಒಂದನ್ನು ಕಚ್ಚಿ ಮೆಚ್ಚಿದರು.

“ಇಷ್ಟು ಗರಿ ನನ್ನ ಕೈಯಲ್ಲಿ ಬರುವುದೇ ಇಲ್ಲ ಮಾರಾಯ್ತಿ. ಎಂತ ಎಣ್ಣೆ ಇದು?”

ಅಮ್ಮ ಯಾವಾಗಲೂ ತರುವ ವನಸ್ಪತಿಯೇ ಎಂದಳು. ಲೂಸಿ ಆಂಟಿ ಇನ್ನೊಂದು ಸಲ ಕಚ್ಚಿ, ನಿಧಾನವಾಗಿ ಅಗಿದು, ತಟ್ಟೆಯತ್ತ ನೋಡಿದರು. ಆಮೇಲೆ ಉಳಿದದ್ದನ್ನು ತಿಂದು ಮುಗಿಸಿದರು. ಹೊರಡುವಾಗ ಅಮ್ಮ ಮಿಕ್ಕಿದ್ದನ್ನೆಲ್ಲ ಕಾಗದದಲ್ಲಿ ಕಟ್ಟಿ, ಮನೆಯಲ್ಲಿ ಬಿಟ್ಟುಬಂದ ಅತ್ತೆಮಾವಂದಿರಿಗೆ, ಮಕ್ಕಳಿಗೆ ಎಂದು ಒಬ್ಬೊಬ್ಬರ ಕೈಗೂ ಕೊಟ್ಟಳು. ಅಪ್ಪ ಗೇಟಿನಲ್ಲಿ ನಿಂತು ಎಲ್ಲರನ್ನೂ ಬೀಳ್ಕೊಟ್ಟರು.

ಎಲ್ಲರೂ ಹೋದಮೇಲೆ ನಾವು ಮೂವರೂ ಅಡುಗೆಮನೆಯಲ್ಲಿ ಪಾತ್ರೆ ಒಟ್ಟುಮಾಡುತ್ತಿದ್ದೆವು. ಸ್ಟೋರಿನ ಬಾಗಿಲು ತೆರೆದು ಮಿಸ್ ಟ್ರೆಂಚ್ ಒಳಬಂದಳು. ಮುಖದ ಬಣ್ಣ ಬೆವರಿಗೆ ಇಳಿದು ಕೊರಳಿಗೆ ಹರಿದಿತ್ತು. ನನ್ನ ಹಂದಿ ಎಲ್ಲಿ ಎಂದು ಕೇಳಿದಳು. ಆ ಕೊಬ್ಬನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. ಮುಖ ಒರೆಸಿಕೊಳ್ಳಬೇಕು, ಸ್ಟೋರಿನಲ್ಲಿಲ್ಲ ಅಂದಳು. ಒಲೆಯ ಪಕ್ಕದ ಡಬ್ಬ ಕಂಡಿತು. ಬಂದು ಬಗ್ಗಿ ನೋಡಿದಳು, ತಳದಲ್ಲಿ ಒಂದಿಷ್ಟು. ಬಾಣಲೆ ನೋಡಿದಳು, ಖಾಲಿ ತಟ್ಟೆಗಳನ್ನು ನೋಡಿದಳು. ಆಮೇಲೆ ನಗತೊಡಗಿದಳು. ಗೋಡೆಗೆ ಒರಗಿ, ಅಮ್ಮನ ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ತಳದಲ್ಲಿದ್ದದ್ದನ್ನು ಬೆರಳಲ್ಲಿ ತೆಗೆದು ನಮ್ಮೆದುರೇ ಕೆನ್ನೆಗೆ ಹಚ್ಚಿಕೊಳ್ಳುತ್ತಾ, ಇಂಥ ತಮಾಷೆ ಯಾವ ಸ್ಟುಡಿಯೋದಲ್ಲೂ ಆಗಿರಲಿಲ್ಲ ಎಂದು ಹೇಳಿ ಹೋದಳು.

ಅಮ್ಮನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಅವಳು ಕೂಗಾಡಲಿಲ್ಲ, ಬಾಯಿ ತೊಳೆಯಲೂ ಓಡಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಅಪ್ಪನನ್ನು ನೋಡಿದಳು.

“ನಿಮಗೆ ಗೊತ್ತಿತ್ತಾ?”

“ಇಲ್ಲ ಕಣೇ. ನನಗೆ ಹೆಂಗೆ ಗೊತ್ತಾಗತ್ತೆ?”

ಅಮ್ಮ ನನ್ನ ಕಡೆ ತಿರುಗಿದಳು.

“ನಿಂಗೆ?”

ಅಪ್ಪ ನನ್ನನ್ನೇ ನೋಡುತ್ತಿದ್ದರು. ಯಾವತ್ತೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು, ಅವತ್ತು ಅಮ್ಮ ನಂಬಲಿ ಎಂದು ಕನ್ನಡದಲ್ಲಿ ಹೇಳಿದೆ.

“ಇಲ್ಲಮ್ಮ, ನಂಗ್ ಗೊತ್ತಿರ್ಲಿಲ್ಲ.”

ಅಮ್ಮ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದಳು.

“ಹಂಗಾದ್ರೆ ನೀವಿಬ್ರೇ ಯಾಕೆ ತಿನ್ಲಿಲ್ಲ?”

ಹಂದಿಯ ಮಾತಲ್ಲ ಇದು. ನಾನು ಈಗ ಎಲ್ಲವನ್ನೂ ತಿನ್ನುತ್ತೇನೆ, ಲೂಸಿ ಆಂಟಿಯ ಮನೆಯಲ್ಲಿ ಪೋರ್ಕನ್ನು ಎಷ್ಟೋ ಸಲ ಹಾಕಿಸಿಕೊಂಡು ತಿಂದಿದ್ದೇನೆ. ನನಗೆ ಹೇಸಿಗೆಯಾಗುವುದು ಆ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ನಮ್ಮಿಬ್ಬರನ್ನು ನೆನೆದಾಗ. ಮಾರನೇ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ಫೋನಿನ ಮುಂದೆ ಕೂತಳು. ಯಾರು ಕೇಳಿದರು ನಿನ್ನನ್ನು, ನನ್ನ ಮಾನ ಹರಾಜು ಹಾಕುತ್ತೀಯಾ ಎಂದು ಅಪ್ಪ ಕೂಗುತ್ತಿದ್ದ ಹಾಗೆಯೇ, ಒಂದೊಂದೇ ಮನೆಗೆ ಫೋನು ಮಾಡಿ, ನಾನು ಕರಿದದ್ದು ಇಂಥದ್ದರಲ್ಲಿ, ತಪ್ಪು ನನ್ನದು, ಕಟ್ಟಿಕೊಟ್ಟದ್ದನ್ನು ಮಕ್ಕಳಿಗೆ ಕೊಡಬೇಡಿ ಎಂದು ಹೇಳಿದಳು. ಅಪ್ಪನ ಹೆಸರೆತ್ತಲಿಲ್ಲ, ನನ್ನದನ್ನೂ ಎತ್ತಲಿಲ್ಲ. ಆಮೇಲೆ ಎಷ್ಟೋ ಮನೆಯವರು ನಮ್ಮಲ್ಲಿ ನೀರು ಮುಟ್ಟುವುದನ್ನೂ ಬಿಟ್ಟರು. ಲೂಸಿ ಆಂಟಿ ಅವತ್ತು ಸಂಜೆಯೇ ಬಂದು ಕಾಫಿ ಕುಡಿದು ಹೋದರು. ಅಪ್ಪ ತಿಂಗಳೊಪ್ಪತ್ತಿನಲ್ಲಿ ಮತ್ತೆ ಆ ಮೆಟ್ಟಿಲಿನ ಮೇಲೆ ಕೂತರು. ಪುಸ್ತಕ ಬರಲಿಲ್ಲ.

ಅಂದಿನಿಂದ ಅಮ್ಮ, ಅಪ್ಪ ಮೊದಲ ತುತ್ತು ನುಂಗುವವರೆಗೆ ತನ್ನ ಅನ್ನ ಮುಟ್ಟುತ್ತಿರಲಿಲ್ಲ. ಎಷ್ಟೇ ಹಸಿವಾಗಿರಲಿ, ಯಾರ ಮನೆಯ ಊಟವೇ ಆಗಿರಲಿ. ಹೊಸದಾಗಿ ಪರಿಚಯವಾದವರು ಅದನ್ನು ನೋಡಿ, ಈ ಕಾಲದಲ್ಲೂ ಇಂಥ ಪತಿಭಕ್ತಿ ಇದೆಯಲ್ಲ ಎಂದು ಹೊಗಳುತ್ತಿದ್ದರು. ಅಪ್ಪ ತಟ್ಟೆ ನೋಡುತ್ತಾ ಬೇಗ ಬೇಗ ನುಂಗುತ್ತಿದ್ದರು. ಅವರು ನುಂಗಿದಮೇಲೂ ಅಮ್ಮ ಕೈಹಾಕುತ್ತಿರಲಿಲ್ಲ. ತಲೆ ಎತ್ತಿ, ನಾನು ತಿನ್ನುವುದನ್ನು ಕಾಯುತ್ತಿದ್ದಳು.